ಪಟ್ಣ ಮುಳುಗಿಸಿದ ಎತ್ತು

ತಮಟೆಯವನು ಸಾರಿ ಹೋದ ಮೇಲೆ ಕಾಟಪ್ಪನಿಗೆ ಕೂತ ಕಡೆ ಕೂರೋಕಾಗ್ಲಿಲ್ಲ, ನಿಂತ ಕಡೆ ನಿಲ್ಲೋಕಾಗ್ಲಿಲ್ಲ. ಜಗಲಿ ಮೇಲೆ ಕೂತ, ಎದ್ದ, ಕೊಟ್ಟಿಗೆಗೆ ಹೋದ, ಎತ್ತಿನ ಕತ್ತಿನ ಕೆಳಗಿನ ಗಂಗೆದೊಗಲು ತುರಿಸಿದ, ವಾಪಸ್ ಬಂದ, ಮತ್ತೆ ಹೋದ. ರಾಗಿ ಬೀಸ್ತಾ ಇದ್ದ ಹೆಂಡ್ತಿ ಓಬಕ್ಕ ಕಲ್ಲು ನಿಲ್ಲಿಸಿ, "ಏನಯ್ಯ, ಚೇಳು ಕುಟುಕಿದ ಕೋತಿ ಆಡ್ದಂಗೆ ಆಡ್ತೀಯ? ಒಂದ್ಕಡೆ ಕುಂತ್ಕೋ, ನಿನ್ನ ನೋಡಿ ನಂಗೇ ತಲೆ ತಿರುಗ್ತೈತೆ" ಅಂದ್ಳು.

"ಶೇಕ್ದಾರನ್ನ ಹರಾಜಿಗೆ ಹಾಕ್ತಾರಂತೆ ಕಣಮ್ಮಿ."

ಶೇಕ್ದಾರ ಅಂದ್ರೆ ಯಾವ ಸಾಹೇಬ್ರೂ ಅಲ್ಲ ಮತ್ತೆ, ಎತ್ತು! ಚೌಕಿಪಟ್ಣದ ಮುನಸಿಪಾಲ್ಟಿ ನೀರಿನ ಗಾಡಿ ಎಳೆಯೋ ಒಂಟಿ ಎತ್ತು. ಸರ್ಕಾರಿ ಎತ್ತು, ಯಾರು ಎದುರಿಗೆ ಬಂದ್ರೂ ದಾರಿ ಬಿಡಲ್ಲ, ಅದಕ್ಕೇ ಕಾಟಪ್ಪ ಆ ಹೆಸರಿಟ್ಟಿದ್ದ. ಕಾಟಪ್ಪನ ಅಪ್ಪನೂ ಅದೇ ಗಾಡಿ ಹೊಡೆದವನು. ಶೇಕ್ದಾರನ್ನ ಕರುವಾಗಿದ್ದಾಗಿಂದ ಪಳಗಿಸಿದ್ದು ಕಾಟಪ್ಪನೇ. ತಾನು ಸ್ನಾನ ಮಾಡ್ತಾನೋ ಇಲ್ವೋ, ಅದಕ್ಕೆ ಮಾತ್ರ ದಿನಾ ಮೈ ತೊಳೀತಿದ್ದ. ಗಾಡಿ ಮೇಲೆ ಕೂತು ಹೊಡೆದವನೇ ಅಲ್ಲ, ಪಕ್ಕದಲ್ಲೇ ನಡ್ಕೊಂಡು ಊರಿನ ಸುದ್ದಿಯೆಲ್ಲಾ ಅದರ ಕಿವೀಲಿ ಹೇಳ್ತಾ ಹೋಗ್ತಿದ್ದ. ಮಕ್ಕಳಿಲ್ಲದ ಮನೆ. "ನಂಗಿಂತ ಅದ್ರ ತಾವೇ ನಿಂಗೆ ಮಾತು ಜಾಸ್ತಿ" ಅಂತ ಓಬಕ್ಕ ಚುಚ್ಚೋಳು, ಆಮೇಲೆ ತಾನೇ ಕದ್ದು ಅದಕ್ಕೆ ಬೆಲ್ಲ ತಿನ್ನಿಸೋಳು.

ಚೌಕಿಪಟ್ಣ ಇದ್ದಿದ್ದು ಸಿರಾಕ್ಕೂ ಮಿಡಿಗೇಶಿಗೂ ನಡುವೆ. ಮಹಾರಾಜರ ಕಾಲದ ಮಾತಿದು. ಅದಕ್ಕೂ ಮುಂಚೆ ನವಾಬರ ಕಾಲದಿಂದಲೂ ಸುತ್ತಮುತ್ತಲ ಹಳ್ಳಿಗೆಲ್ಲಾ ಪಟ್ಣ ಅಂದ್ರೆ ಅದೊಂದೇ. ಕೋಟೆ, ಕಂಬಳಿ ಮಂಡಿ, ಹತ್ತಿ ಮಿಲ್ಲು, ಗಡಿಯಾರದ ಗೋಪುರ, ಬೀದಿ ಬೀದಿಗೂ ಸೀಮೆಎಣ್ಣೆ ದೀಪ, ಅಬ್ಬಬ್ಬಾ! ಸರಕು ಹೇರಿದ ಗಾಡಿ ಯಾವ ದಿಕ್ಕಿಂದ ಬಂದ್ರೂ ಚೌಕಿ ಹತ್ರ ನಿಂತು ಸುಂಕ ಕಟ್ಟಬೇಕು, ಊರು ಮೆರೀತಿದ್ದಿದ್ದೇ ಆ ಸುಂಕದಲ್ಲಿ. ಆಮೇಲೆ ಮೋಟಾರು ರಸ್ತೆ ಬಂತು, ಬಂದಿದ್ದು ಊರಿಂದಾಚೆ. ಗಾಡಿಗಳು ಚೌಕಿ ಕಡೆ ತಲೆ ಹಾಕೋದೇ ಬಿಟ್ವು. ಕೈಮಗ್ಗದ ಕಂಬಳಿ ಕೇಳೋರಿಲ್ಲ. ಹತ್ತಿ ರೇಟು ಬಿತ್ತು, ಮಿಲ್ಲಿನ ಸಾವ್ಕಾರ ಬೀಗ ಜಡಿದು ಹೋದ. ನಡುವೆ ಪ್ಲೇಗು ಬೇರೆ. ಊರು ಬಿಟ್ಟು ಹೋಗೋರು ಸುಮ್ನೆ ಹೋಗ್ತಿರ್ಲಿಲ್ಲ, ಬಾಗಿಲು, ಕಂಬ, ತೊಲೆ ಎಲ್ಲಾ ಕಿತ್ತು ಗಾಡಿಗೆ ಹೇರ್ಕೊಂಡು ಹೋಗ್ತಿದ್ರು. ಬೀದಿಗಳು ಹಲ್ಲು ಬಿದ್ದ ಬಾಯಿ ಥರ ಆಗಿದ್ವು. ಆದ್ರೆ ಶೇಕ್ದಾರನಿಗೆ ಇದೆಲ್ಲಾ ಗೊತ್ತಾಗ್ಬೇಕಲ್ಲ? ಅದು ಹಳೇ ಅಭ್ಯಾಸದಂತೆ ಮನೆ ಮನೆ ಮುಂದೆ ನಿಲ್ಲೋದು, ಬಾಗಿಲೇ ಇಲ್ಲದ ಮನೆ ಮುಂದೂ ನಿಲ್ಲೋದು. ಕಾಟಪ್ಪ ಅದನ್ನ ಗದರದೆ, ಹೊಸ್ತಿಲಿದ್ದ ಜಾಗಕ್ಕೆ ಒಂದು ತಂಬಿಗೆ ನೀರು ಚೆಲ್ಲಿ ಮುಂದಕ್ಕೆ ಹೋಗೋನು.

ಈಗ ಮುನಸಿಪಾಲ್ಟಿ ಹತ್ರ ದೀಪಕ್ಕೆ ಎಣ್ಣೆ ಹಾಕೋಕೂ ಗತಿ ಇಲ್ಲ. ಗುರುವಾರ ಹರಾಜು. ದೀಪದ ಕಂಬ, ಮೀಟಿಂಗಿನ ಕುರ್ಚಿ, ಗೋಪುರದ ಗಂಟೆ, ನೀರಿನ ಪೀಪಾಯಿ, ಕೊನೇಗೆ ಎತ್ತು.

ಕಾಟಪ್ಪ ತಡೀಲಾರದೆ ಶಫೀವುಲ್ಲಾನ ಹತ್ರ ಓಡಿದ. ಎತ್ತುಗಳಿಗೆ ಲಾಳ ಕಟ್ಟೋ ಶಫೀವುಲ್ಲಾ, ಕಾಟಪ್ಪನ ಚಿಕ್ಕಂದಿನ ಸ್ನೇಹಿತ. ಹುಣಸೆಮರದ ಕೆಳಗೆ ಬೀಡಿ ಸೇದ್ತಾ ಕೂತಿದ್ದ.

"ಅರೆ, ಬಾ ಬಾ ಕಾಟಪ್ಪ. ಲಾಳ ಹೊಡ್ಯೋಕೆ ಊರಲ್ಲಿ ಕಾಲೇ ಉಳ್ದಿಲ್ಲ. ನಿನ್ ಕಾಲಿಗೇ ಹೊಡ್ದುಬುಡ್ಲಾ?"

"ತಮಾಸೆ ಬ್ಯಾಡ ಕಣ್ಲಾ. ನನ್ನೆತ್ತು ಯಾರ ಪಾಲಾಗ್ತೈತೆ, ಅದ್ನ ಹೇಳು."

"ಐ.ಡಿ.ಹಳ್ಳಿ ದೊಡ್ಡರಂಗಪ್ಪ ಬತ್ತಾನಂತೆ. ಗಾಣದೋನು."

ಕಾಟಪ್ಪ ತಲೆ ಮೇಲೆ ಕೈ ಹೊತ್ಕೊಂಡು ಕೂತ. ಗಾಣ! ಕಣ್ಣಿಗೆ ಬಟ್ಟೆ ಕಟ್ತಾರೆ, ಹೊತ್ತು ಹುಟ್ಟಿದಾಗಿಂದ ಮುಳುಗೋವರ್ಗೂ ಒಂದೇ ಸುತ್ತು, ಒಂದೇ ಸುತ್ತು. ಇಡೀ ಪಟ್ಣ ನೋಡ್ಕೊಂಡು ತಿರುಗಿದ ಪ್ರಾಣಿ ಅದು.

"ಹಂಗಾದ್ರೆ ನೀನೇ ಕೂಗು" ಅಂದ ಶಫೀವುಲ್ಲಾ.

"ದೊಡ್ಡರಂಗಪ್ಪನ ಮುಂದೆ ನಾನಾ? ನನ್ನತ್ರ ಏನೈತ್ಲಾ?"

"ಯಾರೂ ಕೂಗ್ದಂಗೆ ಮಾಡಿದ್ರೆ ಸೈ. ಕುಂಟು ಅನ್ನು."

"ನಡ್ಸಿ ನೋಡ್ತಾರೆ."

"ಹಲ್ಲು ಉದ್ರೈತೆ ಅನ್ನು."

"ಬಾಯಿ ತೆಗ್ಸಿ ನೋಡ್ತಾರೆ ಕಣೋ ಪೆದ್ದ."

ಶಫೀವುಲ್ಲಾ ಎದ್ದು ಕಾಟಪ್ಪನ ಕೊಟ್ಟಿಗೆಗೇ ಬಂದು, ಶೇಕ್ದಾರನ ಹೆಗಲ ಡುಬ್ಬದ, ಅದೇ ಹಿಣಿಲಿನ, ಹಿಂದೆ ಕೂದಲು ಸುತ್ತಿಕೊಂಡಿದ್ದ ಜಾಗಕ್ಕೆ ಬೆರಳಿಟ್ಟ. "ಇಲ್ಲೊಂದು ಸುಳಿ ಐತೆ ನೋಡು. ಸುಳಿ ಕೆಟ್ಟದ್ದು ಅನ್ನು. ಸುಳಿಗೆ ಯಾರು ಸಾಕ್ಷಿ ಕೇಳ್ತಾರೆ?"

ಪಾಯಿಂಟು ಸರಿಯಾಗೇ ಇತ್ತು! ಆ ಸೀಮೇಲಿ ಎತ್ತು ಕೊಳ್ಳೋರು ಮೊದ್ಲು ನೋಡೋದೇ ಮೈಮೇಲಿನ ಸುಳಿ. ಒಳ್ಳೇ ಸುಳಿ ಇದ್ರೆ ಮನೆ ಬೆಳಗುತ್ತೆ, ಕೆಟ್ಟ ಸುಳಿ ಇದ್ರೆ ಚಿನ್ನದಂಥಾ ಎತ್ತನ್ನೂ ಪುಕ್ಕಟೆ ಕೊಟ್ರೂ ಯಾರೂ ಕೊಟ್ಟಿಗೆಗೆ ಸೇರಿಸಲ್ಲ. ಕಾಟಪ್ಪ ಅಲ್ಲಿಂದ ಸೀದಾ ನಾಗರತ್ನಮ್ಮನ ಇಡ್ಲಿ ಅಂಗಡಿಗೆ ಹೋದ. ಇಡ್ಲಿ ಮುರೀತಾ ದೊಡ್ಡದಾಗಿ ಉಸಿರು ಬಿಟ್ಟ.

"ಏನ್ಲಾ ಕಾಟಪ್ಪ, ಇಡ್ಲಿ ಕಲ್ಲಾಗೈತಾ?"

"ಇಡ್ಲಿ ಅಲ್ಲ ಕಣಕ್ಕ. ಇಷ್ಟು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ನಮ್ಮ ಶೇಕ್ದಾರನಿಗೆ ಮನೆಮುರುಕ ಸುಳಿ ಐತೆ. ಕಟ್ಕೊಂಡೋರ ಮನೆ ಉಳಿಯಾಕಿಲ್ಲ. ಯಾರ್ಗೂ ಹೇಳ್ಬ್ಯಾಡಿ ಮತ್ತೆ."

ಯಾರಿಗೂ ಹೇಳ್ಬೇಡಿ ಅಂದ್ರೆ ಸಾಕಲ್ಲ! ಸಂಜೆ ಹೊತ್ತಿಗೆ ಕೋಟೆ ಬಾಗಿಲ ತನಕ ಸುದ್ದಿ ಮುಟ್ಟಿತ್ತು. ಕಾಟಪ್ಪ ಒಳಗೊಳಗೇ ಕುಣಿದ. ಆದ್ರೆ ಮಾರನೇ ದಿನ ಸುದ್ದಿ ಅವನ ಕೈ ಮೀರಿ ಬೆಳೆಯೋಕೆ ಶುರುವಾಯ್ತು. ಬಾವಿಕಟ್ಟೇಲಿ ಒಬ್ಳು, "ಕಟ್ಕೊಂಡೋರ ಮನೆ ಅಂದ್ರೆ? ಅದ್ನ ಕಟ್ಕೊಂಡಿದ್ದು ಮುನಸಿಪಾಲ್ಟಿ ಅಲ್ವಾ? ಅಂದ್ರೆ ಊರೇ ಅಲ್ವೇನೇ?" ಅಂದ್ಳಂತೆ. ಅಷ್ಟೇ. ಎತ್ತು ಬಂದ ವರ್ಷವೇ ಮಿಲ್ಲು ಮುಚ್ಚಿದ್ದು ಅಂತ ಒಬ್ಬ, ಇಲ್ಲ ಆ ವರ್ಷವೇ ಪ್ಲೇಗು ಅಂತ ಇನ್ನೊಬ್ಬ, ಮೋಟಾರು ರಸ್ತೆಗೆ ಗೂಟ ಹೊಡೆದ ದಿನ ಅದು ಊರಾಚೆ ನಿಂತು ಗುಟುರು ಹಾಕಿದ್ದನ್ನ ನಾನೇ ಕಣ್ಣಾರೆ ಕಂಡೆ ಅಂತ ಮತ್ತೊಬ್ಬ.

ಪಾಪ, ಅವರನ್ನಾದ್ರೂ ಏನನ್ನೋದು? ನಾವ್ಯಾಕೆ ಹಿಂಗಾದ್ವಿ ಅಂತ ಊರು ಅಷ್ಟು ವರ್ಷದಿಂದ ತಲೆ ಕೆರ್ಕೊತಾ ಇತ್ತು. ರಸ್ತೆ, ಮಿಲ್ಲು, ಎಲ್ಲೋ ಲಂಡನ್ನಿನಲ್ಲಿ ಬಿದ್ದ ಹತ್ತಿ ರೇಟು, ಇವ್ಯಾವನ್ನೂ ಕೋಲು ತಗೊಂಡು ಹೊಡೆಯೋಕಾಗಲ್ಲ. ಈಗ ಉತ್ತರ ಸಿಕ್ತು, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು! ಜನ ಎಷ್ಟೋ ಕಾಲದ ಮೇಲೆ ಒಬ್ರಿಗೊಬ್ರು ನಗ್ತಾ ಮಾತಾಡಿದ್ರು. ಎಲ್ಲರಿಗಿಂತ ಹಗುರಾಗಿದ್ದು ಪ್ರೆಸಿಡೆಂಟ್ ರೇಣುಕಯ್ಯ. ಅಲ್ಲಿವರ್ಗೂ ಊರು ಬೈತಾ ಇದ್ದಿದ್ದು ಅವನನ್ನೇ.

ಗುರುವಾರ ಚೌಕಿ ಮುಂದೆ ಊರಿಗೂರೇ ಸೇರ್ತು. ಕಂಬ, ಕುರ್ಚಿ, ಗಂಟೆ ಎಲ್ಲಾ ಹೋದ್ವು. ಎತ್ತಿನ ಸರದಿ ಬಂದಾಗ ಯಾರೂ ಕೂಗ್ಲಿಲ್ಲ. ದೊಡ್ಡರಂಗಪ್ಪ ಸುಳಿ ನೋಡಿ, ಥೂ ಅಂತ ಉಗುಳಿ, ಬಂದ ದಾರಿ ಹಿಡಿದ. ಕಾಟಪ್ಪ ಈಗ ಕೂಗ್ಲಾ, ಈಗ ಕೂಗ್ಲಾ ಅಂತ ಬಾಯಿ ತೆರೆಯೋದು, ಮುಚ್ಚೋದು. ಅಷ್ಟರಲ್ಲಿ ರೇಣುಕಯ್ಯ ಎದ್ದು ನಿಂತ.

"ಇಂಥಾ ಎತ್ತನ್ನ ಇನ್ನೊಬ್ರಿಗೆ ಮಾರೋದು ಪಾಪ. ಊರಿಗೆ ಮಾರಮ್ಮನ ಕಾಟ ಬಂದಾಗ ಏನ್ ಮಾಡ್ತಿದ್ರು ನಮ್ಮ ಹಿರಿಯರು? ಗಡಿ ದಾಟಿಸ್ತಿದ್ರು. ಇದನ್ನೂ ದಾಟಿಸ್ಬುಡಣ."

ಗಡಿ ದಾಟಿಸೋದು ಅಂದ್ರೆ ಏನು ಅಂತ ಕಾಟಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅರಿಶಿನ ಮೆತ್ತಿ, ಬೇವು ಕಟ್ಟಿ, ತಮಟೆ ಬಡ್ಕೊಂಡು ಗಡಿಕಲ್ಲಿನ ಆಚೆ ತಳ್ತಾರೆ. ಆಚೆ ಊರಿನೋರು ನಮಗೂ ಬೇಡ ಅಂತ ಕೋಲು ಹಿಡಿದು ಅವರ ಗಡಿಯಾಚೆ ಅಟ್ತಾರೆ. ಅಲ್ಲಿಂದ ಇನ್ನೊಂದೂರು. ಎಲ್ಲೂ ಹುಲ್ಲಿಲ್ಲ, ಎಲ್ಲೂ ನೀರಿಲ್ಲ. ಬೀಳೋ ತನಕ ಓಡ್ತಾನೇ ಇರ್ಬೇಕು. ಗಾಣಾನೇ ಎಷ್ಟೋ ವಾಸಿ!

"ಸುಳ್ಳು ಕಣ್ರಪ್ಪೋ!" ಕಾಟಪ್ಪ ನಡುವೆ ನುಗ್ಗಿದ. "ಅದು ಬರೀ ಸುಳಿ. ಮನೆಮುರುಕನೂ ಅಲ್ಲ, ಮಣ್ಣೂ ಅಲ್ಲ. ನಾನೇ ಹುಟ್ಟಿಸಿದ್ದು!"

"ಖುದಾ ಕಸಂ, ನಾನೇ ಹೇಳ್ಕೊಟ್ಟಿದ್ದು" ಅಂತ ಶಫೀವುಲ್ಲಾನೂ ಕೂಗಿದ.

ಪ್ಲೇಗಿನಲ್ಲಿ ಇಬ್ಬರು ಗಂಡುಮಕ್ಕಳನ್ನ ಕಳ್ಕೊಂಡಿದ್ದ ಮುದುಕಿ ಚನ್ನಮಲ್ಲಮ್ಮ ಕೋಲೂರ್ಕೊಂಡು ಮುಂದೆ ಬಂದ್ಳು. ಜಗಳಕ್ಕೆ ಬಂದಂಗಿರ್ಲಿಲ್ಲ, ಮೆಲ್ಲಗೇ ಕೇಳಿದ್ಳು. "ಎತ್ತಲ್ಲಾಂದ್ರೆ ಇನ್ಯಾವ್ದಪ್ಪ? ಹೇಳು. ಇನ್ಯಾವ್ದು?"

ಜನರ ಕಣ್ಣು ಮೆಲ್ಲಗೆ ಎತ್ತಿನ ಮೇಲಿಂದ ಜಾರಿ ರೇಣುಕಯ್ಯನ ಕಡೆ ತಿರುಗ್ತಾ ಇತ್ತು. ರೇಣುಕಯ್ಯ ತಮಟೆಯವನ ಕಡೆ ಕೈ ಬೀಸಿದ. "ಎತ್ತಿನ ಮೇಲಿನ ಮೋಹಕ್ಕೆ ಇವ್ನ ತಲೆ ಕೆಟ್ಟೈತೆ ಕಣ್ರಯ್ಯ! ಬಡೀರ್ಲಾ ತಮಟೆ!" ಅಂದ. ತಮಟೆ ಬಿತ್ತು ನೋಡಿ, ಜನಕ್ಕೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಒಬ್ಬರಾದ್ರೂ ಕಾಟಪ್ಪನ ಮುಖ ನೋಡ್ಲಿಲ್ಲ.

ಹಗ್ಗ ಹಿಡಿಯೋಕೆ ಯಾರಿಗೂ ಧೈರ್ಯ ಇಲ್ಲ. ಹಿಡಿದು ದಾಟಿಸಿದವನು ಮತ್ತೆ ಊರೊಳಗೆ ಕಾಲಿಡೋ ಹಂಗಿಲ್ಲ. ಕಾಟಪ್ಪ ಹಗ್ಗ ತಗೊಂಡ. ಹುಟ್ಟಿದೂರು, ಅಪ್ಪ ನಡೆದ ಬೀದಿ, ತಿರುಗಿ ನೋಡ್ಬೇಕು ಅನ್ನಿಸ್ತು, ನೋಡೋಕೆ ಬಿಡ್ಲಿಲ್ಲ ಅಟ್ಕೊಂಡು ಬಂದ ಜನ. ಗಡಿಕಲ್ಲಿನ ಹತ್ರ ಹಿಂದಿನಿಂದ ದಡದಡ ಹೆಜ್ಜೆ ಸಪ್ಪಳ. ಓಬಕ್ಕ! ತಲೆ ಮೇಲೆ ಗಂಟು, ಕಂಕುಳಲ್ಲಿ ಮೊರ.

"ನೀನ್ಯಾಕೆ ಬಂದೇ?"

"ಇನ್ನೇನು, ಬಾಗ್ಲಿಲ್ಲದ ಊರು ಕಾಯ್ಕೊಂಡು ಕುಂತ್ಕಳ್ಳಾ? ನಡಿ ನಡಿ, ಹಿಂದಿಂದ ಕಲ್ಲು ಎಸೀತಾವ್ರೆ."

ಸುದ್ದಿ ಅವರಿಗಿಂತ ಮುಂದೆ ಓಡ್ತಿತ್ತು. ಮಿಡಿಗೇಶಿ ಹತ್ರ ಬರೋ ಹೊತ್ತಿಗೆ ಕೋಲು ಹಿಡ್ಕೊಂಡು ಜನ ಸಾಲಾಗಿ ನಿಂತಿದ್ರು. "ಮನೆಮುರುಕ ಎತ್ತು ಅದೇ ಕಣ್ರೋ!" ಕಾಟಪ್ಪ ಎತ್ತಿನ ಮೇಲೆ ಬೀಳೋ ಏಟಿಗೆ ಬೆನ್ನೊಡ್ಡಿದ. ಊರು ಬಿಟ್ಟು ಕಾಡುದಾರಿ, ಕಾಡು ಬಿಟ್ಟು ಕಲ್ಲುದಾರಿ, ಕೂರೋ ಹಂಗಿಲ್ಲ. ಹಂಗೇ ಪಾವಗಡದ ಕಡೆ ಹೋದ್ರು. ಹಳ್ಳದಲ್ಲಿ ಓಬಕ್ಕ ಎತ್ತಿನ ಮೈಮೇಲಿನ ಅರಿಶಿನ ಉಜ್ಜಿ ಉಜ್ಜಿ ತೊಳೆದ್ಳು. ಅಲ್ಲಿ ತೆಲುಗು ಮಾತಾಡೋ ಒಂದು ಹಳ್ಳಿ. ಪೆದ್ದಣ್ಣ ಅನ್ನೋ ಅನುಕೂಲಸ್ಥ ಕಟ್ಟೆ ಮೇಲಿಂದ "ಎದ್ದು ಬಾಗುಂದೇ!" ಅಂತ ಎತ್ತನ್ನ ಹೊಗಳಿ ಕೆಳಗಿಳಿದು ಬಂದ. ಸುಳಿ ಹುಡುಕಿ ಹಿಣಿಲಿನ ಹಿಂದೆ ಬೆರಳಿಟ್ಟ. ಹುಬ್ಬು ಗಂಟಾಯ್ತು.

ಓಬಕ್ಕ ತಟ್ಟನೆ, "ಅದು ಲಕ್ಷ್ಮಿ ಸುಳಿ ಕಣಣ್ಣ" ಅಂದ್ಳು. "ಇದು ಊರು ಬುಟ್ಟಿದ್ದೇ ತಡ, ಚೌಕಿಪಟ್ಣದಂಥಾ ಪಟ್ಣವೇ ಹಾಳಾಗೋಯ್ತು. ಕೇಳಿಲ್ವಾ ನೀನು?"

ಚೌಕಿಪಟ್ಣ ಹಾಳಾಗಿದ್ದು ಪೆದ್ದಣ್ಣನಿಗೆ ಗೊತ್ತಿಲ್ದೆ ಇರುತ್ತಾ? ಅವನ ಮುಖ ಅರಳಿ ಮೊರದಗಲ ಆಯ್ತು! ಗಂಡ ಹೆಂಡ್ತಿಗೆ ಮುದ್ದೆ ಊಟ, ಎತ್ತಿಗೆ ಹುರುಳಿ, ಕೊರಳಿಗೆ ಹೂವು, ಹಣೆಗೆ ಕುಂಕುಮ. ಶೇಕ್ದಾರ ಸುಖವಾಗಿ ಮೆಲುಕು ಹಾಕ್ತಾ ಮಲಗ್ತು. ಬೆಳಿಗ್ಗೆ ಹೊರಡ್ತೀವಿ ಅಂದ್ರೆ ಪೆದ್ದಣ್ಣ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತ. "ನೀವು ಹೋಗಿ. ಎತ್ತು ಇರ್ಲಿ. ಏನು ಬೇಕೋ ಕೇಳಿ, ಕೊಡ್ತೀನಿ. ಲಕ್ಷ್ಮಿ ಮನೆಗೆ ಬಂದ್ಮೇಲೆ ಆಚೆ ಕಳಿಸ್ತಾರಾ ಯಾರಾದ್ರೂ?"

ಬೇಡ ಅಂದ್ರೂ ಬಿಡ. ನಡು ಮಧ್ಯಾಹ್ನ ಮನೆಯೋರೆಲ್ಲಾ ಹೊಲಕ್ಕೆ ಹೋದಾಗ, ತಮ್ಮ ಎತ್ತನ್ನ ತಾವೇ ಕಳ್ಳರ ಥರ ಬಿಚ್ಕೊಂಡು ಓಡಿದ್ರು, ಉಸಿರು ಸಿಕ್ಕಿಹಾಕ್ಕೊಳ್ಳೋ ತನಕ. ಬಂಡೆ ಮರೇಲಿ ನಿಂತಾಗ ಕಾಟಪ್ಪ ರೇಗಿದ.

"ಲಕ್ಷ್ಮಿ ಅನ್ನೋಕೆ ಯಾರ್ ಹೇಳಿದ್ರು ನಿಂಗೆ?"

"ಮನೆಮುರುಕ ಅನ್ನೋಕೆ ನಿಂಗ್ಯಾರು ಹೇಳಿದ್ರು? ಕೆಟ್ಟದ್ದು ಅಂದ್ರೆ ಹೊಡೀತಾರೆ, ಒಳ್ಳೇದು ಅಂದ್ರೆ ಕಿತ್ಕೋತಾರೆ. ನಾನೇನ್ ಮಾಡ್ಲಿ?"

ಅಲ್ಲಿಂದ ಮಧುಗಿರಿ ಬಳಸ್ಕೊಂಡು, ಕೊರಟಗೆರೆ ದಾರಿ. ಕೊರಟಗೆರೆಗೆ ಇನ್ನೇನು ಹತ್ರ ಅನ್ನುವಾಗ, ರಸ್ತೆ ಮಧ್ಯ ಒಂಟಿ ಎತ್ತಿನ ಗಾಡಿ ನಿಂತಿತ್ತು, ತುಂಬಾ ಹುಣಸೆಹಣ್ಣಿನ ಮೂಟೆ. ಎತ್ತು ಕಾಲು ಉಳುಕಿ ಮಲಗಿಬಿಟ್ಟಿತ್ತು. ವ್ಯಾಪಾರಿ ಪಾಲಪ್ಪ ತಲೆ ಮೇಲೆ ಟವೆಲ್ ಹಾಕ್ಕೊಂಡು ಗೊಣಗ್ತಾ ನಿಂತಿದ್ದ. ಸಂಜೆಯೊಳಗೆ ಮಂಡಿ ಸೇರ್ಬೇಕು. ಶೇಕ್ದಾರನ್ನ ಕಂಡು ಕಣ್ಣರಳಿಸಿದ. ಆದ್ರೂ ಅಭ್ಯಾಸ ಬಿಡುತ್ತಾ? ಕೈ ಹಿಣಿಲಿನ ಹಿಂದಕ್ಕೇ ಹೋಯ್ತು.

"ಇದೇನಣ್ಣ, ಇಲ್ಲೊಂದು ಸುಳಿ? ಏನು ಇದ್ರ ಫಲ?"

ಓಬಕ್ಕ ಗಂಡನ ಮುಖ ನೋಡಿದ್ಳು. ಗಂಡ ಓಬಕ್ಕನ ಮುಖ ನೋಡ್ದ. ಶೇಕ್ದಾರ ಆರಾಮಾಗಿ ಮೂಟೆ ಮೇಲಿನ ಗೋಣಿ ನೆಕ್ಕೋಕೆ ಶುರು ಮಾಡಿತ್ತು.

"ಫಲಾನಾ? ಹುಲ್ಲು ಹಾಕಿದ್ರೆ ತಿಂತೈತೆ" ಅಂದ ಕಾಟಪ್ಪ. "ಗಾಡಿ ಕಟ್ಟಿದ್ರೆ ಎಳೀತೈತೆ. ಯಾರಿಗೂ ದಾರಿ ಬುಡಾಕಿಲ್ಲ. ದಿನಾ ಸಗಣಿ ಹಾಕ್ತೈತೆ."

"ಅಷ್ಟೇನಾ?"

"ಅಷ್ಟೇ ಕಣಣ್ಣ."

ಪಾಲಪ್ಪನ ಮುಖ ಸ್ವಲ್ಪ ಸಪ್ಪಗಾಯ್ತು, ಇನ್ನೇನೋ ಇರ್ಬೇಕಿತ್ತು ಅನ್ನೋ ಥರ. ಸುಳಿ ಬಿಟ್ಟು ಕೈ ಒರೆಸ್ಕೊಂಡ. "ಹಂಗಾದ್ರೆ ನೊಗಕ್ಕೆ ಕಟ್ಟಪ್ಪ, ಹೊತ್ತಾಗ್ತೈತೆ. ದಿನಾ ಒಂದು ಲೋಡ್ ಐತೆ ನನ್ನತ್ರ, ಬತ್ತೀಯಾ?"

ಕಾಟಪ್ಪ ಉತ್ತರ ಕೊಡೋ ಮೊದ್ಲೇ ಓಬಕ್ಕ ಗಂಟು ಮೊರ ಎರಡನ್ನೂ ಮೂಟೆಗಳ ಮೇಲಕ್ಕೆ ಎಸೆದಿದ್ಳು.