ಸಾಕಾಗೇದ

ಅಂಬಕ್ಕ ಹೇಳಿದ್ದನ್ನು ನಾನು ತಿರುಚಿ ಹೇಳಿದೆ. ತಿಳಿಯದೆ ಅಲ್ಲ. ಚೆನ್ನೈನ ಒಂದು ಸಭಾಂಗಣದಲ್ಲಿ, ಮೂವರು ತೀರ್ಪುಗಾರರ ಎದುರು, ಅವರು ಕನ್ನಡದಲ್ಲಿ ಆಡಿದ ಒಂದು ಮಾತನ್ನು ಇಂಗ್ಲಿಷಿಗೆ ತರುವಾಗ ಅದರ ಅರ್ಥವನ್ನು ತಲೆಕೆಳಗು ಮಾಡಿದೆ. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಇದು ಇಷ್ಟು ವರ್ಷ ಗುಟ್ಟಾಗಿ ಉಳಿದಿರುವುದರಲ್ಲಿ ನನ್ನ ಜಾಣತನವೇನೂ ಇಲ್ಲ.

ಇಸವಿ ಎರಡು ಸಾವಿರದ ಮೂರು — ಅಥವಾ ನಾಲ್ಕು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ಕಲಿತವನು. ಇಲ್ಲಿ ಸಾಕ್ಷಿ ನಾನೊಬ್ಬನೇ. ಹಾಗಾಗಿ ನೆನಪು ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಹೇಳುತ್ತಲೇ ಹೋಗುತ್ತೇನೆ.

ಆಗ ಕಾಲೇಜು ವಿದ್ಯಾರ್ಥಿಗಳಿಗಾಗಿ ಹೊಸ ಬಗೆಯ ಸ್ಪರ್ಧೆಗಳು ಶುರುವಾಗಿದ್ದವು. ತಂಡ ಕಟ್ಟಿಕೊಂಡು ಜನರ ಒಂದು ಕಷ್ಟವನ್ನು ಆರಿಸಿಕೊಳ್ಳಬೇಕು. ಅದಕ್ಕೆ ಪರಿಹಾರ ಮಾಡಿ ತೋರಿಸಬೇಕು. ಕೊನೆಯ ಸುತ್ತಿಗೆ ಅದರಿಂದ ಪ್ರಯೋಜನ ಪಡೆದವರೊಬ್ಬರನ್ನು ವೇದಿಕೆಗೆ ಕರೆತರಬೇಕು. ನಮ್ಮ ತಂಡದಲ್ಲಿ ನಾಲ್ವರಿದ್ದೆವು, ಸೆಂದಿಲ್ ನಾಯಕ. ಕಷ್ಟ ಹುಡುಕಿಕೊಂಡು ಎರಡು ತಿಂಗಳು ಅಲೆದೆವು. ಸರಿಯಾದದ್ದು ಸಿಗಲಿಲ್ಲ. ಕೊನೆಗೆ ನಾನೇ ನಮ್ಮ ಬೀದಿಯ ಅಂಬಕ್ಕನನ್ನು ತೋರಿಸಿದೆ.

ಕೀಲ್ಪಾಕಿನಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದರು. ಗಂಡ ತೀರಿಕೊಂಡ ಮೇಲೆ ಧಾರವಾಡದಿಂದ, ರೈಲ್ವೆಯಲ್ಲಿದ್ದ ಅಣ್ಣನ ಹತ್ತಿರ ಬಂದವರು. ಅಣ್ಣನ ಹಂಗಿನಲ್ಲಿ ಇರಲಾರೆನೆಂದು ಬೇರೆ ಕೋಣೆ ಹಿಡಿದು ಉದ್ದಿನ ಹಪ್ಪಳ ಮಾಡತೊಡಗಿದ್ದರು. ನುಂಗಂಬಾಕ್ಕಂನ ಒಂದು ಅಂಗಡಿ ವಾರವಾರವೂ ತೆಗೆದುಕೊಳ್ಳುತ್ತಿತ್ತು. ಬೀದಿಯವರಿಗೆಲ್ಲ ಅವರು ‘ಅಪ್ಪಳ ಮಾಮಿ’. ತರಕಾರಿಯವನ ಜೊತೆ ಜಗಳವಾಡುವಷ್ಟು ತಮಿಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ನನ್ನನ್ನು ಕಂಡರೆ, “ಬಾರಪಾ ರಾಘು, ಸ್ವಲ್ಪ ಕನ್ನಡ ಮಾತಾಡಿ ಹೋಗು, ನಾಲಿಗಿ ಜಂಗ್ ಹಿಡದೇದ,” ಎನ್ನುತ್ತಿದ್ದರು.

ನಾವು ಮಾಡಿದ್ದು ಹಪ್ಪಳ ಒಣಗಿಸುವ ಪೆಟ್ಟಿಗೆ. ಒಳಗೆ ಕಪ್ಪು ಬಣ್ಣ ಬಳಿದ ತಗಡು, ಮೇಲೆ ಗಾಜು. ಅವರ ತಾರಸಿಯ ಬಿಸಿಲಿನಲ್ಲಿ ತಂದಿಟ್ಟೆವು. ಅವರಿಗೆ ಎರಡು ದಿನ ಹಿಡಿಯುವ ಕೆಲಸ ಅದರಲ್ಲಿ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. “ಹಪ್ಪಳ ಮೊದಲ ನೆರಳಾಗ ಆರಬೇಕಪಾ. ಒಣಗೋದು ಆಮ್ಯಾಲ,” ಎಂದು ಅವರು ಮೊದಲ ದಿನವೇ ಹೇಳಿದ್ದರು. ಆರುವುದು ಬೇರೆ, ಒಣಗುವುದು ಬೇರೆ — ನಮ್ಮ ವರದಿಯ ಕೋಷ್ಟಕದಲ್ಲಿ ಆ ಎರಡಕ್ಕೆ ಎರಡು ಕಾಲಂ ಇರಲಿಲ್ಲ. ನಾವು ತೂಕ ನೋಡಿದೆವು, ನೀರಿನಂಶ ಹೋಗಿತ್ತು, ಗೆದ್ದೆವೆಂದುಕೊಂಡೆವು. ಪೆಟ್ಟಿಗೆಯಿಂದ ಬಂದ ಹಪ್ಪಳದ ಅಂಚು ಮುರುಟಿಕೊಳ್ಳುತ್ತಿತ್ತು, ಡಬ್ಬಿಗೆ ತುಂಬುವಾಗಲೇ ಬಿರಿಯುತ್ತಿತ್ತು. ಅಂಗಡಿಯವರು ಒಮ್ಮೆ ವಾಪಸು ಕಳಿಸಿದರು. ಆಮೇಲೆ ಇನ್ನೊಮ್ಮೆ.

ಹಳೆಯ ರೀತಿಯಲ್ಲೇ ಮಾಡೋಣವೆಂದರೆ ಜಾಗವಿರಲಿಲ್ಲ. ನೀರಿನ ತೊಟ್ಟಿಯ ನೆರಳಲ್ಲಿ ಅವರು ಹಪ್ಪಳ ಹರವುತ್ತಿದ್ದ ಎರಡು ಮಂಚಗಳನ್ನು ಮನೆ ಮಾಲೀಕರು ಕೆಳಗಿಳಿಸಿದ್ದರು. ತಾರಸಿಯ ಮೇಲೆ ಒಂದೇ ವಸ್ತು ಇರಲಿ ಎಂಬುದು ಅವರ ಮಾತು. ಪೆಟ್ಟಿಗೆಯನ್ನು ಒಯ್ಯಿರಿ ಎಂದು ಅಂಬಕ್ಕ ನನಗೆ ಹೇಳಿದರು. ನಾನು, “ಸ್ಪರ್ಧೆ ಒಂದು ಮುಗೀಲಿ ಅಕ್ಕಾ,” ಎಂದೆ. ಅಲ್ಲಿ ದೊಡ್ಡವರು ಬರುತ್ತಾರೆ, ನಿಮ್ಮನ್ನೇ ಕೇಳುತ್ತಾರೆ ಎಂದೂ ಹೇಳಿದೆ. “ಕೇಳಲಿ. ಇದ್ದದ್ದು ಹೇಳ್ತೀನಿ,” ಎಂದರು. ಅವರು ಒಪ್ಪಿ ಬಂದದ್ದು ಅದಕ್ಕೇ.

ಅಂದು ಅವರು ಉಟ್ಟಿದ್ದ ಇಳಕಲ್ ಸೀರೆಯ ಬಣ್ಣ — ಹಸಿರು ಎಂದು ಬರೆಯಲು ಹೊರಟಿದ್ದೆ. ಖಚಿತವಿಲ್ಲ. ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಉತ್ತರದ ಕಡೆಯವರು, ತುಂಬ ಮೃದುವಾಗಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡಿಸಿದೆ: ಈ ಪೆಟ್ಟಿಗೆಯಿಂದ ನಿಮ್ಮ ಬದುಕಿನಲ್ಲಿ ಏನು ಬದಲಾಗಿದೆ?

ಅಂಬಕ್ಕ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. “ನನಗ ಸಾಕಾಗೇದಪಾ,” ಎಂದರು.

ಪಕ್ಕದಲ್ಲಿ ನಿಂತಿದ್ದ ಸೆಂದಿಲ್ ನನ್ನ ಕಿವಿಯಲ್ಲಿ, “ಎನ್ನ ಡಾ, ಮಾಮಿ ಎನ್ನ ಸಾಕ್ಕು ಸೊಲ್ರಾಂಗ?” ಎಂದು ನಕ್ಕ. ತಮಿಳಿನಲ್ಲಿ ಸಾಕ್ಕು ಎಂದರೆ ನೆಪ. ಮಾಮಿ ಏನು ನೆಪ ಹೇಳುತ್ತಿದ್ದಾರೆ ಎಂದು ಅವನ ತಮಾಷೆ.

ನಾನು ಮೈಕಿಗೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದೆ: “ತನಗೆ ಇದು ಸಾಕು, ಇನ್ನೇನೂ ಬೇಡ ಎನ್ನುತ್ತಿದ್ದಾರೆ.”

ಒಂದೊಂದೇ ಪದ ಬಿಡಿಸಿ ನೋಡಿದರೆ ಅದರಲ್ಲಿ ದೊಡ್ಡ ತಪ್ಪು ಕಾಣುವುದಿಲ್ಲ. ಸಾಕು ಎಂದರೆ ಸಾಕು. ನನ್ನದು ಮದ್ರಾಸಿನ ಕನ್ನಡ, ಅರ್ಧ ತಮಿಳು, ಧಾರವಾಡದ ಮಾತಿನ ಧಾಟಿ ನನಗೆ ಹೇಗೆ ಗೊತ್ತಾಗಬೇಕು — ಹೀಗೆ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನಮ್ಮ ಅಮ್ಮ ದಿನಕ್ಕೊಮ್ಮೆಯಾದರೂ “ನಿನ್ನ ಜೊತೆ ಸಾಕಾಗಿದೆ ಕಣೋ” ಎನ್ನುತ್ತಿದ್ದರು. ಅದನ್ನು ನಾನು ಒಂದು ದಿನವೂ ಹೊಗಳಿಕೆ ಎಂದುಕೊಂಡಿರಲಿಲ್ಲ.

ಇನ್ನೊಂದು ವಾಕ್ಯವೂ ಇದೆ. “ಇದನ್ನ ಒಯ್ಯಲಿಕ್ಕೆ ಹೇಳು.” ಅದನ್ನು ಅವರು ವೇದಿಕೆಯ ಮೇಲೇ ಹೇಳಿದರೋ, ಹಿಂದಿನ ವಾರ ತಾರಸಿಯಲ್ಲಿ ಹೇಳಿದ್ದನ್ನು ನನ್ನ ನೆನಪು ತಂದು ವೇದಿಕೆಗೆ ಜೋಡಿಸಿದೆಯೋ — ತಿಳಿಯದು. ವೇದಿಕೆಯ ಮೇಲಾದರೆ ಅದನ್ನು ನುಂಗಿದೆ. ತಾರಸಿಯಲ್ಲಾದರೆ, ಗೊತ್ತಿದ್ದೂ ಮುಚ್ಚಿಟ್ಟೆ. ಎರಡನ್ನೂ ತೂಗಿ ನೋಡಿದ್ದೇನೆ. ಎರಡೂ ಒಂದೇ.

ಸಭೆ ಚಪ್ಪಾಳೆ ತಟ್ಟಿತು. ಇನ್ನೇನೂ ಬೇಡವೆನ್ನುವ ಬಡ ವಿಧವೆ — ಅವರಿಗೆ ಬೇಕಾಗಿದ್ದದ್ದು ಅದೇ ಇರಬೇಕು. ಅಂಬಕ್ಕ ಎದ್ದು ನಿಂತು ಎಲ್ಲರಿಗೂ ಕೈ ಮುಗಿದರು. ನಾವು ಗೆದ್ದೆವು. ನನಗೆ ಖುಷಿಯಾಗಲಿಲ್ಲ, ಅಳುಕೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಮರಗಟ್ಟುವ ಸೂಜಿ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ಹಾಗೆ.

ಹಿಂದಿರುಗುವಾಗ ಆಟೋದಲ್ಲಿ ಅವರು ಕೇಳಿದ್ದು ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ. ಇದರಲ್ಲಿ ಸಂದೇಹವಿಲ್ಲ. ಬಹುಮಾನದ ಗಾಜಿನ ಫಲಕ ನನ್ನ ತೊಡೆಯ ಮೇಲಿತ್ತು. “ಪಾಪ, ಭಾಳ ಛಲೋ ಮಂದಿ,” ಎಂದರು. “ಹೇಳಿದ ಕೂಡಲೆ ಚಪ್ಪಾಳಿ ಹೊಡದು ಒಪ್ಪಿದ್ರು. ಹಂಗಾರ ಯಾವಾಗ ಒಯ್ತಾರಂತ?”

ನನ್ನ ಇಂಗ್ಲಿಷ್ ಅವರಿಗೆ ತಿಳಿದಿರಲಿಲ್ಲ. ಚಪ್ಪಾಳೆ ತಿಳಿದಿತ್ತು.

“ಕೇಳಿ ಹೇಳ್ತೀನಿ ಅಕ್ಕಾ,” ಎಂದೆ. ಆಗಲೂ ಹೇಳಬಹುದಿತ್ತು. ಆಟೋ ಇನ್ನೂ ಕೀಲ್ಪಾಕ್ ಮುಟ್ಟಿರಲಿಲ್ಲ.

ಸ್ಪರ್ಧೆ ನಡೆಸಿದ ಸಂಸ್ಥೆಯವರು ಪೆಟ್ಟಿಗೆ ಒಂದು ವರ್ಷ ಅಲ್ಲೇ ಇರಲಿ, ನೋಡಲು ಜನ ಬರುತ್ತಾರೆ ಎಂದರು. ಮಾಲೀಕರಿಗೆ ಹೆಮ್ಮೆ; ಗಾಜನ್ನು ತಾವೇ ಒರೆಸುತ್ತಿದ್ದರು. ಮಂಚಗಳು ಮತ್ತೆ ಮೇಲೆ ಹೋಗಲಿಲ್ಲ. ನುಂಗಂಬಾಕ್ಕಂನ ಅಂಗಡಿ ಬೇರೆ ಯಾರಿಂದಲೋ ಹಪ್ಪಳ ತರಿಸತೊಡಗಿತು. ನಾನು ಅವರ ಮನೆಯ ಮುಂದೆ ಹೋಗುವುದನ್ನು ಬಿಟ್ಟು ಹಿಂದಿನ ಬೀದಿಯಿಂದ ಬಸ್ಸಿಗೆ ನಡೆಯತೊಡಗಿದೆ. ಒಂದು ದಿನ ಅಮ್ಮ, “ಅಂಬಕ್ಕ ಕೋಣೆ ಖಾಲಿ ಮಾಡ್ಬಿಟ್ರಂತೆ, ಅಣ್ಣನ ಮನೆಗೇ ಹೋದ್ರಂತೆ ಪಾಪ. ನಿಂಗೇನಾದ್ರೂ ಹೇಳಿದ್ರಾ?” ಎಂದು ಕೇಳಿದರು. ಇಲ್ಲ ಎಂದೆ.

ಸೆಂದಿಲ್‌ನನ್ನು ಆಮೇಲೊಮ್ಮೆ ಕೇಳಿದೆ. ಅವನಿಗೆ ನೆನಪಿರುವುದು ಬೇರೆ: “ಮಾಮಿ ಸಿರಿಚ್ಚಾಂಗ ಡಾ. ರೊಂಬ ಸಂತೋಷಮಾ ಇರುಂದಾಂಗ.” ಮಾಮಿ ನಕ್ಕರು, ತುಂಬ ಸಂತೋಷವಾಗಿದ್ದರು. ಅವನು ಸುಳ್ಳು ಹೇಳುತ್ತಿಲ್ಲ. ನಕ್ಕಿದ್ದರು — ಚಪ್ಪಾಳೆಗೆ.

ಐದಾರು ವರ್ಷ ಕಳೆದ ಮೇಲೆ ಅಣ್ಣಾ ನಗರದಲ್ಲಿ ನಮ್ಮ ಕಡೆಯವರ ಒಂದು ಮದುವೆ. ಊಟಕ್ಕೆ ಕುಳಿತಿದ್ದೆ. ಅಡಿಗೆಯವರ ಗುಂಪಿನಲ್ಲಿ ಬಡಿಸುತ್ತ ಬಂದವರು ಅಂಬಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಹಪ್ಪಳದ ಬುಟ್ಟಿ. ಯಂತ್ರದಲ್ಲಿ ಮಾಡಿದ ಹಪ್ಪಳ, ಎಲ್ಲವೂ ಒಂದೇ ಅಳತೆಯ ದುಂಡು. ನನ್ನ ಗುರುತು ಹಿಡಿದರೋ ಇಲ್ಲವೋ ಹೇಳಲಾರೆ. ಮುಖದಲ್ಲಿ ಏನೂ ಕಾಣಲಿಲ್ಲ. ನಾನು ಸರಿಯಾಗಿ ನೋಡಲೂ ಇಲ್ಲ. ಎಲೆಗೆ ಒಂದು ಹಪ್ಪಳ ಹಾಕಿದರು. ಇನ್ನೊಂದನ್ನು ಕೈಯಲ್ಲಿ ಹಿಡಿದು, ಸಾಲಿನಲ್ಲಿ ಎಲ್ಲರನ್ನೂ ಕೇಳುತ್ತ ಬಂದಂತೆ ನನ್ನನ್ನೂ ಕೇಳಿದರು.

“ಸಾಕೇನಪಾ?”

ಆ ಪದ ನನ್ನ ಬಾಯಿಗೆ ಬರಲಿಲ್ಲ. ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಅವರಿಗೆ ಅಷ್ಟೇ ಸಾಕಾಯಿತು — ನಾನು ಏನು ಹೇಳುತ್ತಿದ್ದೇನೆಂದು ತಿಳಿದುಕೊಂಡು, ಮುಂದಿನ ಎಲೆಗೆ ಹೋದರು.