ವಾಲಿದ ಅಟ್ಟದ ಮೇಲೊಂದು ಅಡುಗೆ

ಬೆಳಗಾವಿಯವನಿಗೆ ಹಾಯಿದೋಣಿಯ ಹುಚ್ಚು ಹಿಡಿದರೆ ಯಾರೇನು ಮಾಡಬೇಕು? ಖಾಸಬಾಗದ ಜಿನಪ್ಪನಿಗೆ ಅದು ಹಿಡಿದು ಬಹಳ ಕಾಲವಾಗಿತ್ತು. ಫೌಂಡ್ರಿಯಲ್ಲಿ ಮರದ ಅಚ್ಚು ಮಾಡಿ ನಿವೃತ್ತನಾದವನು, ಖಾನಾಪುರದಲ್ಲಿ ಮುಚ್ಚಿಹೋದ ಹಂಚಿನ ಕಾರ್ಖಾನೆಯ ಶೆಡ್ಡು ಬಾಡಿಗೆಗೆ ಹಿಡಿದು, ದೋಣಿ ಕಟ್ಟಲು ದಿನಾ ಬಸ್ಸಿನಲ್ಲಿ ಹೋಗಿಬರತೊಡಗಿದ. ದೋಣಿ ಮುಗಿದ ಮೇಲೆ ಹೆಂಡತಿ ರಾಜಮತಿಯೊಡನೆ ಕಾರವಾರದಿಂದ ದಂಡೆಗುಂಟ ತೇಲುತ್ತ ಹೋಗುವುದು ಇಬ್ಬರೂ ಕೂಡಿ ಕಟ್ಟಿಕೊಂಡ ಆಸೆ. ಅವಳಿಲ್ಲದ ದೋಣಿ ತನಗೆ ಬೇಡವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ತಕರಾರು ಬಂದದ್ದು ದೋಣಿಗೆ ಒಡಲು, ಅಂದರೆ ನೀರಿನ ಮೇಲೆ ತೇಲುವ ಮೈ, ಒಂದೋ ಎರಡೋ ಎಂಬಲ್ಲಿ. ರಾಜಮತಿಗೆ ತಲೆ ತಿರುಗುವ ಕಾಯಿಲೆ; ನೆಹರು ನಗರದ ಡಾಕ್ಟರರ ಗುಳಿಗೆಗೂ ಅದು ಪೂರ್ತಿ ಬಗ್ಗಿರಲಿಲ್ಲ. ಜೋಡಿ ಒಡಲಿನ ಕ್ಯಾಟಮರಾನ್ ನೀರಿನ ಮೇಲೆ ಚಾಪೆ ಹಾಸಿದಂತೆ ಸಮನಾಗಿ ಸಾಗುತ್ತದೆ. ಒಂದೊಡಲಿನದು ಗಾಳಿ ಹಿಡಿದರೆ ಮಗ್ಗುಲಿಗೆ ವಾಲಿಯೇ ಓಡುತ್ತದೆ. ಆದರೆ ಅಡಿಯಲ್ಲಿ ಭಾರವಿರುವುದರಿಂದ ಮಗುಚಿದರೂ ತಾನೇ ಏಳುತ್ತದೆ. ಜೋಡಿಯದು ಮಗುಚಿದರೆ ಮುಗಿಯಿತು.

“ನಿನ್ನ ಜೀವದ ಸಲುವಾಗೇ ಒಂದ ಒಡಲು ಅನ್ನಾಕತ್ತೇನಿ,” ಎಂದ ಜಿನಪ್ಪ.

“ಮುಳುಗಿ ಏಳೂದು ಯಾರಿಗೆ ಬೇಕ್ರಿ? ನನಗ ನೆಟ್ಟಗ ಕುಂದರಾಕ ಬಂದ್ರ ಸಾಕು.”

ಹಟಮಾರಿ ಮನುಷ್ಯ. ಶೆಡ್ಡಿನಲ್ಲಿ ಹಲಗೆಯ ಅಟ್ಟ ಕಟ್ಟಿ, ಅದರ ಮೇಲೆ ಸ್ಟೋವ್ ಇಟ್ಟ. ಒಂದೊಡಲಿನ ದೋಣಿ ವಾಲುವಷ್ಟೇ ಓರೆ ಮಾಡಿ ಅವಳ ಕೈಲಿ ಅಡುಗೆ ಮಾಡಿಸಿದರೆ ಹೆದರಿಕೆ ಬಿಟ್ಟೀತು ಎಂದು ಅವನ ಲೆಕ್ಕ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ ಅವರದು. ಹೀಗಿದ್ದೂ ಅವಳನ್ನು ಶೆಡ್ಡಿಗೆ ಕರೆತಂದ ದಿನ ಅಟ್ಟದಡಿಯ ಜ್ಯಾಕ್ ಏರಿಸಿ ಇಳಿಸಿ ಓರೆ ಅಳೆಯುತ್ತ, ಅವಳು ಅಡುಗೆ ಮಾಡಿ ಉಣ್ಣಬೇಕಾದ ಹಗಲನ್ನೆಲ್ಲ ತಾನೇ ಕಳೆದ.

ಕೊನೆಗೆ ರಾಜಮತಿ ಅಟ್ಟ ಹತ್ತಿದಳು. ಒಂದು ಕೈಯಲ್ಲಿ ಕಂಬ ಹಿಡಿದು ಬಟ್ಟೆಯಲ್ಲಿ ನೀರು ಸೋಸಿದಳು. ಅರ್ಧ ನೀರು ಹಲಗೆಯ ಪಾಲಾಯಿತು. ಮತ್ತೆ ಸೋಸಿದಳು. ನಡುನಡುವೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅನ್ನ ಅರೆಬೆಂದಿರುವಾಗಲೇ ಹೊರಗೆ ಬೆಳಕು ಹೋಯಿತು. ಅವಳು ಸ್ಟೋವ್ ಆರಿಸಿದಳು. ಇನ್ನು ಬೆಳಗಾಗುವವರೆಗೆ ಗುಟುಕು ನೀರೂ ಇಲ್ಲ.

ಕೈಹಿಡಿದು ಇಳಿಸಿದ ಮೇಲೂ ತಲೆ ನಿಲ್ಲದೆ ನೆಲ ಹಿಡಿದು ಕುಳಿತಳು. ಜಿನಪ್ಪ ಎರಡು ಒಡಲಿನದನ್ನೇ ಮಾಡುತ್ತೇನೆ ಎನ್ನಲು ಬಾಯಿ ತೆರೆದ.

“ನಿಮ್ಮ ಮನಸ್ಸಿನ್ಯಾಗ ಇದ್ದದ್ದನ್ನ ಮಾಡ್ರಿ,” ಎಂದಳು ಅವಳು. “ಅದರಾಗ ನನ್ನ ಎಣಿಸಬ್ಯಾಡ್ರಿ.”

ತೆರೆದ ಬಾಯಿ ಹಾಗೇ ಮುಚ್ಚಿತು. ಆ ಮಾತಿಗೆ ಅವನ ಎದೆ ಹಗುರಾಯಿತು. ಹಗುರಾದದ್ದು ಅವಳಿಗೂ ತಿಳಿಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

ಈಗ ಒಂದೊಡಲಿನ ದೋಣಿ ಶೆಡ್ಡಿನಲ್ಲಿ ಎದ್ದು ನಿಂತಿದೆ. ನೋಡಿದವರೆಲ್ಲ ಭೇಷ್ ಅನ್ನುತ್ತಾರೆ. ರಾಜಮತಿ ದಿನಾ ಬುತ್ತಿ ಕಟ್ಟಿ ಕಳಿಸುತ್ತಾಳೆ. ದೋಣಿಯ ಸುದ್ದಿ ಮಾತ್ರ ಕೇಳುವುದಿಲ್ಲ. ಜಿನಪ್ಪ ಒಣಗಿದ ಬಣ್ಣವನ್ನು ಉಜ್ಜಿ ತೆಗೆದು ಮತ್ತೆ ಬಳಿಯುತ್ತಾನೆ. ಮುಗಿಸಿದರೆ ಒಬ್ಬನೇ ಹೋಗಬೇಕಾಗುತ್ತದೆ.