ಎದುರು ಸಾಲಿನ ಗಾಳೆವ್ವ

ಅಬ್ಬಿಗೇರಿಗೆ ಇನ್ನೂ ಪೂರ್ತಿ ಬೆಳಗಾಗಿಲ್ಲ. ಗಾಳೆವ್ವ ಓಣಿಯ ತುದಿಯಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಿದ್ದಾರೆ. "ಮಾಯವ್ವಾ, ರೊಟ್ಟಿ ಬಡಿಯೋದು ಇನ್ನೂ ಮುಗೀಲಿಲ್ಲೇನ? ಕವಿತಾ, ಲಗೂ ಬಾರವಾ, ಆಫ್ತಾಬ ಬಂದ ನಿಂತಾನ!" ಆಫ್ತಾಬನ ಟೆಂಪೊ ಹೊಗೆ ಉಗುಳುತ್ತ ಕಾಯುತ್ತಿದೆ. ನರಗುಂದದ ಕಾಲುವೆ ಹೊಲದಲ್ಲಿ ಮೆಣಸಿನಕಾಯಿ ಕೆಂಪಗೆ ಹಣ್ಣಾಗಿದೆ. ಬಿಸಿಲೇರುವ ಮೊದಲೇ ಹೆಂಗಸರು ಅಲ್ಲಿ ಸಾಲು ಹಿಡಿಯಬೇಕು.

ಎಲ್ಲರೂ ಹತ್ತಿದರೂ ಒಬ್ಬಳು ಮಾತ್ರ ಕೆಳಗೇ ಉಳಿದಿದ್ದಾಳೆ. ಹೆಸರು ದೇವಿಕಾ. ಗೋವಾದಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕಿದ್ದವಳು, ಅವನು ಮೇಲಿಂದ ಬಿದ್ದು ಕಾಲು ಮುರಿದುಕೊಂಡ ಮೇಲೆ ಊರಿಗೆ ಮರಳಿದ್ದಾಳೆ. ಇಟ್ಟಿಗೆ ಹೊತ್ತ ಕೈಗೆ ಮೆಣಸಿನ ಗಿಡ ಹೊಸದು. ಹೊಲದ ಕೆಲಸ ಬರುವುದಿಲ್ಲವೆಂದು ಬೇರೆ ತಂಡದವರು ಅವಳನ್ನು ಸೇರಿಸಿಕೊಂಡಿಲ್ಲ. ಇವತ್ತು ಹೊಲದವರು ಒಪ್ಪಿದರೆ ಮೆಣಸಿನಕಾಯಿ ಮುಗಿಯುವವರೆಗೂ ಅವಳ ಮನೆಗೆ ಚಿಂತೆಯಿಲ್ಲ.

"ಕೆಳಗ ಯಾಕ ನಿಂತಿ? ಬುತ್ತಿ ತಂದಿಯಿಲ್ಲ?" ಗಾಳೆವ್ವ ಗದರುತ್ತಾರೆ. ದೇವಿಕಾ ಸೆರಗಿನ ಮರೆಯ ಗಂಟು ತೋರಿಸುತ್ತಾಳೆ. "ಮತ್ತ ಹತ್ತು!"

ಊರವರ ಬಾಯಲ್ಲಿ ಗಾಳೆವ್ವ ಎಂದರೆ ಆಳು ಕರೆಯುವಾಕೆ. ನೇಮಕಾತಿ ಎಂಬ ದೊಡ್ಡ ಮಾತನ್ನು ಮೊಮ್ಮಗಳು ಒಮ್ಮೆ ಬಿಡಿಸಿ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. "ಕಂಪನ್ಯಾಗ ಆಳ ಕರಿಯೋರಿಗೆ ಆಫೀಸಿನ್ಯಾಗ ಗಾಲಿ ಹಚ್ಚಿದ ಖುರ್ಚಿ ಇರತೈತಂತ್ರಿ. ನನಗೂ ಗಾಲಿ ಅದಾವ, ಟೆಂಪೊದ್ದು!"

ಮೊದಲು ಆಳುಗಳೇ ಹೊಲದವರ ಬಾಗಿಲಿಗೆ ಹೋಗಿ ಕೈಕಟ್ಟಿ ನಿಲ್ಲಬೇಕಿತ್ತು. ಈಗ ಹೊಲದವರೇ ಗಾಳೆವ್ವನ ಫೋನಿಗೆ ಬೆನ್ನು ಬಿದ್ದಿದ್ದಾರೆ. ಗಜೇಂದ್ರಗಡದ ಅರಿವೆ ಅಂಗಡಿ, ಉದ್ಯೋಗ ಖಾತ್ರಿ, ಗೋವಾ, ಮಂಗಳೂರು ಎಲ್ಲವೂ ದುಡಿಯುವ ಕೈಗಳನ್ನು ಎಳೆದುಕೊಳ್ಳುತ್ತಿವೆ. ಬರುವವರೂ ಸುಮ್ಮನೆ ಬರುವುದಿಲ್ಲ. ಗಾಡಿ ಓಣಿಯವರೆಗೆ ಬರಬೇಕು, ಚಹಾ ಎರಡು ಸಲ ಆಗಬೇಕು, ಉಣ್ಣಲು ನೆರಳು ಬೇಕು. ಇದನ್ನೆಲ್ಲ ಗಾಳೆವ್ವ ಹಿಂದಿನ ಸಂಜೆಯೇ ಹೊಲದವರಿಗೆ ಮುಟ್ಟಿಸುತ್ತಾರೆ. ಹೋದ ಸಲದ ಚಹಾ ನೀರಾಗಿದ್ದರೆ ಅದನ್ನೂ ಹೇಳದೆ ಬಿಡುವುದಿಲ್ಲ. ಕಲಿತ ಹುಡುಗಿಯರು ಹೊಲ ಬೇಡವೆಂದರೆ ಗಾಳೆವ್ವನಿಗೆ ಬೇಸರವಿಲ್ಲ. "ಹೋಗ್ಲಿ ಬಿಡ್ರಿ, ನನ್ನ ಮೊಮ್ಮಗಳೂ ಹೋಗಬೇಕ. ಆದ್ರ ಹೊಲದ ಕೆಲ್ಸಾ ಕಡಿಮಿ ಅನ್ನಬಾರ್ದು."

ಹೊಸಬರನ್ನು ಅವರು ಆರಿಸುವ ರೀತಿಯೇ ಬೇರೆ. ಕೆಲಸ ಬರುತ್ತದೆಯೇ ಎಂದು ಕೇಳುವುದಿಲ್ಲ. ಮನೆಯಲ್ಲಿ ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುತ್ತಾರೆ. "ಕಾಯಿ ಬಿಡಸೋದು ನಾ ಕಲಸ್ತೀನಿ. ಮನ್ಯಾಗ ಕೂಸ ಅಳತಿದ್ರ ಆಕಿ ಕೈ ಹ್ಯಾಂಗ ಓಡತೈತ್ರಿ?"

ಹೊಲದಲ್ಲಿ ಅವರದು ಒಂದೇ ಕಟ್ಟಳೆ. ತನ್ನ ಸಾಲು ಮುಗಿಸಿ ಬದು ಮುಟ್ಟಿದವಳು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುವಂತಿಲ್ಲ. ಹಿಂದೆ ಬಿದ್ದವಳ ಸಾಲನ್ನು ಆ ತುದಿಯಿಂದ ಹಿಡಿದು ಎದುರು ಬರಬೇಕು. ಇಬ್ಬರೂ ನಡುವೆ ಕೂಡಿದ ಮೇಲೆಯೇ ನೀರು. ಹೀಗಾಗಿ ಗಾಳೆವ್ವನ ತಂಡದಲ್ಲಿ ಕಡೆಯವಳು ಎನ್ನುವವಳೇ ಇಲ್ಲ.

ಆದರೆ ಇವತ್ತು ಮೊದಲ ಸಾಲಿನಲ್ಲೇ ಎಡವಟ್ಟಾಗಿದೆ. ಅಕ್ಕಪಕ್ಕದವರು ಮುಂದೆ ಸಾಗುತ್ತಿರುವುದನ್ನು ಕಂಡು ಗಾಬರಿಯಾದ ದೇವಿಕಾ ಅರೆಹಣ್ಣಾದ ಕಾಯಿಯನ್ನೂ ಹರಿದು ಚೀಲಕ್ಕೆ ತುಂಬಿದ್ದಾಳೆ. ಹೊಲದ ಯಜಮಾನ ಶಿವನಪ್ಪ ಚೀಲದಿಂದ ಒಂದು ಹಿಡಿ ಎತ್ತಿ ಹಿಡಿಯುತ್ತಾರೆ.

"ಗಾಳೆವ್ವಾ, ನೋಡಿಲ್ಲೆ! ಇವು ಒಣಗಿದ್ರ ಬೆಳ್ಳಗಾಗಿ ಎಲ್ಲಾ ಮಾಲಿನ ಬಣ್ಣಾ ಕೆಡಸ್ತಾವ. ಈಕೀನ ಮನಿಗೆ ಕಳಿಸು. ಉಳದೋರು ಮಾಡ್ರಿ ಸಾಕು."

"ಖರೇ ಐತಿ ಅಣ್ಣಾ. ತಪ್ಪು ನಂದು, ನಾ ಆಕಿ ಬಾಜೂಕ ನಿಂದರಬೇಕಿತ್ತ," ಗಾಳೆವ್ವ ಕೂಡಲೇ ಒಪ್ಪುತ್ತಾರೆ. ಆಮೇಲೆ ದನಿ ಗಟ್ಟಿಯಾಗುತ್ತದೆ. "ಇವನ್ನೆಲ್ಲಾ ಈಗ ಆರಿಸಿ ತಗೀತೀವಿ. ಸಂಜೀಕ ರಾಶಿ ನೋಡು. ಇನ್ನೊಂದು ಅರಿಗಾಯಿ ಸಿಕ್ಕರ ನಾಳಿಂದ ಬ್ಯಾರೆ ಮಂದೀನ ಕರಿ. ಆದ್ರ ಆಕೀನ ಹೊಳ್ಳಿ ಕಳಸೂದಿಲ್ಲ."

ಸಾಲುಗಳಲ್ಲಿ ಕೈಗಳು ನಿಲ್ಲುತ್ತವೆ. ಒಬ್ಬಳ ಸಲುವಾಗಿ ಇಡೀ ತಂಡದ ಕೆಲಸವನ್ನೇ ಪಣಕ್ಕಿಟ್ಟದ್ದು ಮಾಯವ್ವನಿಗೆ ಹಿಡಿಸಿಲ್ಲ. "ನಮ್ಮನ್ನ ಒಂದ ಮಾತ ಕೇಳಬೇಕಿತ್ತ ನೀ," ಎಂದು ಮುಖ ತಿರುಗಿಸುತ್ತಾರೆ. ಗಾಳೆವ್ವ ದೇವಿಕಾಳ ಪಕ್ಕಕ್ಕೆ ಬಂದು ಗಿಡದ ಕೊಂಬೆಯನ್ನು ಮೆಲ್ಲಗೆ ಎತ್ತುತ್ತಾರೆ. "ತೊಟ್ಟ ನೋಡು. ಕೆಂಪು ತೊಟ್ಟಿನ ಬುಡದ ತನಕಾ ಏರಿದ್ರ ಮುಟ್ಟು. ಇಲ್ಲಾಂದ್ರ ಬಿಡು. ನಿನ್ನ ಯಾರೂ ಓಡಸ್ಯಾಡಾಕ ಹತ್ತಿಲ್ಲ."

ಗಾಳೆವ್ವನ ಈ ಹಟಕ್ಕೊಂದು ಹಿನ್ನೆಲೆಯಿದೆ. ಹೊಸದಾಗಿ ಕೂಲಿಗೆ ಇಳಿದಾಗ ಅವರನ್ನೂ ಒಂದು ಹೊಲದವರು ಚಹಾದ ಹೊತ್ತಿಗೇ ಮನೆಗೆ ಅಟ್ಟಿದ್ದರು. "ಬುತ್ತಿ ಬಿಚ್ಚಲಾರದ ಹೊಳ್ಳಿ ಬಂದ್ನಿರಿ. ಮಗಳು ಗಂಟು ಬಿಚ್ಚಿ, ಅವ್ವಾ ನೀ ಉಂಡೇ ಇಲ್ಲಲ್ಲ ಅಂದ್ಲು. ಏನಂತ ಹೇಳ್ಲಿ? ಹಸಿವು ಆಗಲಿಲ್ಲ ಅಂದೆ." ಇದನ್ನು ಹೇಳುವಾಗ ಅವರು ಕೈಯ ಕೆಲಸ ನಿಲ್ಲಿಸುವುದಿಲ್ಲ, ಕಣ್ಣನ್ನೂ ಎತ್ತುವುದಿಲ್ಲ.

ಬಿಸಿಲು ನೆತ್ತಿಗೆ ಬರುತ್ತದೆ. ದೇವಿಕಾಳ ಸಾಲು ಇನ್ನೂ ಅರ್ಧ ಉಳಿದಿದೆ. ಅಷ್ಟರಲ್ಲಿ ಆಚೆಯ ಬದುವಿನಿಂದ ಯಾರೋ ಅದೇ ಸಾಲು ಹಿಡಿದು ಎದುರು ಬರುತ್ತಿದ್ದಾರೆ. ನೋಡಿದರೆ ಮಾಯವ್ವ! ಇನ್ನೂ ಗೊಣಗುತ್ತಲೇ ಇದ್ದಾರೆ, ಆದರೆ ಕೈ ಮಾತ್ರ ಸರಸರ ಓಡುತ್ತಿದೆ. ನಡುವೆ ಕೂಡಿದಾಗ ದೇವಿಕಾಳ ಚೀಲದಲ್ಲಿ ಕೈಯಾಡಿಸಿ, "ಚಲೋ ಬಿಡಸೀ. ನಡಿ, ಉಣ್ಣೋಣು," ಎನ್ನುತ್ತಾರೆ.

ಸಂಜೆ ಶಿವನಪ್ಪ ರಾಶಿಯನ್ನು ಕೈಯಿಂದ ಕೆದಕಿ, ತಿರುವಿ, ಮತ್ತೆ ಕೆದಕಿ ನೋಡುತ್ತಾರೆ. ಹೆಂಗಸರೆಲ್ಲ ಸುತ್ತ ನಿಂತಿದ್ದಾರೆ. ಕೊನೆಗೆ ಅವರು ಕೈ ಕೊಡವಿಕೊಂಡು ಏಳುತ್ತಾರೆ.

"ನಾಳೆ ಎಷ್ಟ ಮಂದಿ ಬರ್ತೀರಿ?"

"ಇವತ್ತ ಬಂದವರೆಲ್ಲಾರೂ," ಎನ್ನುತ್ತಾರೆ ಗಾಳೆವ್ವ.

ಶಿವನಪ್ಪ ಒಪ್ಪಿ ತಲೆಯಾಡಿಸುತ್ತಾರೆ. ಗಾಳೆವ್ವನ ಮುಖದಲ್ಲಿ ಆಗ ಅರಳುವ ಹಿಗ್ಗನ್ನು ನೋಡಿಯೇ ತಿಳಿಯಬೇಕು. ಟೆಂಪೊ ಊರಿನ ದಾರಿ ಹಿಡಿದ ಮೇಲೆ ಅವರು ಮುಂದೆ ಬಾಗಿ ದೇವಿಕಾಳ ಮಡಿಲಲ್ಲಿದ್ದ ಬುತ್ತಿಯ ಅರಿವೆಯನ್ನು ಮುಟ್ಟಿ ನೋಡುತ್ತಾರೆ.

"ಎಲ್ಲಾ ಉಂಡಿ?"

"ಉಂಡ್ನಿ ಯಕ್ಕಾ. ಮಾಯವ್ವಕ್ಕನ ರೊಟ್ಟೀನೂ ಉಂಡ್ನಿ."

ಗಾಳೆವ್ವ ಹಿಂದಕ್ಕೆ ಒರಗಿ ಕಾಲು ಚಾಚುತ್ತಾರೆ. "ನಾ ಗಾಡಿ ಹತ್ತಿಸಿದಾಕಿ ಒಬ್ಬಾಕೀನೂ ಇವತ್ತಿನ ತನಕಾ ಬುತ್ತಿ ಹಂಗ ಹೊಳ್ಳಿ ಒಯ್ದಿಲ್ಲ."